ಬಾರ್ನಿ ಲೋಗನ ಕುರ್ಚಿ

ಬಾಗ್‌ಸೈಡಿನ ತಗ್ಗಿನಿಂದ ಕ್ರೆಗನ್ ದಿಬ್ಬದ ಕಡೆಗೆ ಏರುವ ನಮ್ಮ ಡೆರಿ ಊರಿನ ಬೀದಿಯಲ್ಲಿ ಯಾರಾದರೂ ತೀರಿಕೊಂಡರೆ, ಆ ಮನೆಯವರು ಕಣ್ಣೊರೆಸಿಕೊಂಡು ಮುಂದೇನು ಮಾಡಬೇಕೆಂದು ಯೋಚಿಸುವ ಮೊದಲೇ ಡೆಲಿಯಾ ಹರ್ಕಿನ್ ತನ್ನ ಪೆಟ್ಟಿಗೆಯೊಡನೆ ಹೊಸ್ತಿಲಲ್ಲಿ ನಿಂತಿರುತ್ತಿದ್ದಳು. ಅದು ಕಪ್ಪು ತಗಡಿನ ಪೆಟ್ಟಿಗೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿಯ ಹಾಸುಬಟ್ಟೆಗಳು, ದಿಂಬಿನ ಹೊದಿಕೆಗಳು, ಮೇಣದಬತ್ತಿ ನಿಲ್ಲಿಸಲು ಒಂದು ಜೊತೆ ಹಿತ್ತಾಳೆಯ ಕಂಬಗಳು, ಒಂದು ಶಿಲುಬೆ, ಪವಿತ್ರಜಲದ ಪುಟ್ಟ ಬಟ್ಟಲು, ಇಷ್ಟು ಅದರೊಳಗಿನ ಸಂಪತ್ತು. ಅತ್ತೆಯಿಂದ ಅವಳಿಗೆ ಬಂದದ್ದು. ಅತ್ತೆಗೆ ಆಕೆಯ ಅತ್ತೆಯಿಂದ. ಬೀದಿಯ ಪ್ರತಿಯೊಂದು ಮನೆಯೂ ತನ್ನ ಕೊನೆಯ ಹಾಸಿಗೆಯನ್ನು ಆ ಪೆಟ್ಟಿಗೆಯಿಂದಲೇ ಪಡೆದಿತ್ತು.

ದೇಹವನ್ನು ತೊಳೆದು, ಕಂದು ನಿಲುವಂಗಿ ತೊಡಿಸಿ, ಬೆರಳುಗಳಿಗೆ ಜಪಸರ ಸುತ್ತಿ, ಗಡಿಯಾರ ನಿಲ್ಲಿಸಿ, ಕನ್ನಡಿಗೆ ಬಟ್ಟೆ ಹೊದಿಸಿ, ಕಡೆಗೆ ಬೀದಿಯ ಕಡೆಯ ಕಿಟಕಿಯ ಪರದೆಯನ್ನು ಅವಳು ಇಳಿಸುತ್ತಿದ್ದಳು. ಪರದೆ ಇಳಿಯಿತೆಂದರೆ ಬೀದಿಗೆ ಸುದ್ದಿ ಮುಟ್ಟಿತು. ಅಲ್ಲಿಂದ ಮುಂದೆ ಗಂಡಸರ ಕೆಲಸ. ಸತ್ತವರನ್ನು ಮಣ್ಣು ಮಾಡುವ ತನಕ ಒಂಟಿಯಾಗಿ ಬಿಡದೆ ಕಾಯುವ ಜಾಗರಣೆಗೆ ಊರೇ ಬರುತ್ತದೆ. ಯಾರ ಮನೆಯಲ್ಲೂ ಅಷ್ಟು ಕುರ್ಚಿಗಳಿರುವುದಿಲ್ಲ. ಆದ್ದರಿಂದ ಎಲ್ಲ ಮನೆಗಳ ಕುರ್ಚಿಗಳೂ ಆ ಮನೆಗೆ ನಡೆದು ಬರುತ್ತವೆ. ಕೇಳುವವರಿಲ್ಲ, ಕರೆಯುವವರಿಲ್ಲ. ಗಂಡಸರು ಟೋಪಿ ತೆಗೆದು, ಮಾತಿಲ್ಲದೆ ಒಳಹೊಕ್ಕು, ಗೋಡೆಯುದ್ದಕ್ಕೂ ಕುರ್ಚಿಗಳನ್ನು ಇಟ್ಟು ನಿಲ್ಲುತ್ತಾರೆ. ಸತ್ತರೆಂಬ ಮಾತನ್ನು ಆ ಮನೆಯ ತಾಯಿಯ ಮುಂದೆ ಯಾರೂ ಮೊದಲು ಆಡುವುದಿಲ್ಲ. ಯಾವ ಕುರ್ಚಿ ಯಾರದೆಂದು ತಿಳಿಯಲು ಡೆಲಿಯಾ ಪ್ರತಿಯೊಂದರ ಅಡಿಯಲ್ಲೂ ಬಣ್ಣದ ದಾರ ಕಟ್ಟಿದ್ದಳು. ಇನ್ನೂ ಒಂದು ನಿಯಮವಿತ್ತು: ಜಾಗರಣೆಗೆ ಬಂದ ಕುರ್ಚಿಯ ಮೇಲೆ ಯಾರಾದರೂ ಕೂತ ಹೊರತು ಅದು ಮನೆಗೆ ಮರಳಬಾರದು. ಖಾಲಿಯಾಗಿ ಮರಳಿದ ಕುರ್ಚಿ ತನ್ನ ಮೇಲೆ ಕೂರುವವರನ್ನು ಹುಡುಕುತ್ತ ಮತ್ತೊಂದು ಸಾವನ್ನು ಕರೆತರುತ್ತದೆಂದು ನಮ್ಮ ಹಿರಿಯರು ನಂಬಿದ್ದರು. ನಾವು ನಂಬಿದ್ದೆವೆಂದು ಹೇಳಲಾರೆ; ಮೀರಿದ್ದೆವೆಂದೂ ಹೇಳಲಾರೆ.

ದಾರಕ್ಕೆ ಅವಳಲ್ಲಿ ಕೊರತೆ ಇರಲಿಲ್ಲ. ಶಾಲೆ ಬಿಟ್ಟ ಬೇಸಿಗೆಯಲ್ಲೇ ಅಂಗಿ ಕಾರ್ಖಾನೆ ಸೇರಿದವಳು ಕಾಲರ್ ಹೊಲಿಯುತ್ತಲೇ ಹೆಂಡತಿಯಾದಳು, ತಾಯಿಯಾದಳು, ವಿಧವೆಯಾದಳು. ನಮ್ಮೂರಿನಲ್ಲಿ ಹೆಂಗಸರಿಗೆ ಕೆಲಸವುಂಟು, ಗಂಡಸರಿಗಿಲ್ಲ. "ದೇವರು ನಮಗೆ ಸಂಬಳ ಕೊಟ್ಟ, ಅವರಿಗೆ ನಾಯಿ ಕೊಟ್ಟ" ಎಂದು ಅವಳ ಪಕ್ಕದ ಯಂತ್ರದಲ್ಲಿ ಹೊಲಿಯುತ್ತಿದ್ದ ಗೆಳತಿ ಯೂನಾ ಮೆಕ್‌ಡೇಡ್ ನಗುತ್ತಿದ್ದಳು. ಡೆಲಿಯಾಳ ಗಂಡ ಹ್ಯೂಯಿಯೂ ನಾಯಿಯನ್ನು ಸುತ್ತಾಡಿಸಿ, ಆಲೂಗಡ್ಡೆ ಬೇಯಿಸಿ, ಹೆಂಡತಿ ಬರುವ ದಾರಿ ಕಾಯುತ್ತಿದ್ದ ಸಾಧು. ಎದೆಯ ಬೇನೆಯಿಂದ ಬೇಗನೆ ಹೋದ. ಉಳಿದವನು ಒಬ್ಬನೇ ಮಗ, ಫರ್ಗಲ್.

ಫರ್ಗಲ್ ಮಾತು ಕಡಿಮೆಯ ಹುಡುಗ, ಹಟ ಹೆಚ್ಚಿನವನು. ಬೀದಿಯಲ್ಲಿ ಇಂಗ್ಲೆಂಡಿನ ಸೈನಿಕರನ್ನು ನೋಡುತ್ತಲೇ ಬೆಳೆದ. ಬಂದೂಕು ಅಡಗಿಸಿಟ್ಟಿದ್ದ ಮನೆಯೊಂದರಲ್ಲಿ ಸಿಕ್ಕಿಬಿದ್ದು, ಮೀಸೆ ಸರಿಯಾಗಿ ಮೂಡುವ ಮುನ್ನವೇ ಲಾಂಗ್ ಕೆಶ್ ಜೈಲು ಸೇರಿದ. ತಾವು ಕಳ್ಳಕಾಕರಲ್ಲ, ಲಂಡನ್ನಿನ ಆಳ್ವಿಕೆಯ ವಿರುದ್ಧದ ಹೋರಾಟದ ಸೆರೆಯಾಳುಗಳು, ಆದಕಾರಣ ಕೈದಿಗಳ ಸಮವಸ್ತ್ರ ತೊಡೆವು ಎಂದು ಅಲ್ಲಿನ ಹುಡುಗರು ಪಟ್ಟು ಹಿಡಿದಿದ್ದರು. ಸಮವಸ್ತ್ರ ಬೇಡವೆಂದವರಿಗೆ ಬೇರೆ ಬಟ್ಟೆಯಿಲ್ಲ. ಚಳಿಯಲ್ಲಿ ಮೈಗೆ ಒಂದು ಕಂಬಳಿ. ವರ್ಷಗಳು ಹಾಗೆಯೇ ಕಳೆದವು. ಸಮವಸ್ತ್ರ ಹಾಕದವರಿಗೆ ಮನೆಯವರ ಭೇಟಿಯೂ ಇರಲಿಲ್ಲವಾಗಿ ಡೆಲಿಯಾ ಮಗನ ಮುಖ ಕಾಣಲಿಲ್ಲ.

ಆ ದಿನಗಳಲ್ಲೇ ಅವಳ ಕಾರ್ಖಾನೆಗೆ ಪಟ್ಟೆ ಪಟ್ಟೆಯ ಬಟ್ಟೆಯ ಸುರುಳಿಗಳು ಬಂದಿದ್ದವು.

"ಯಾರಿಗೇ ಇಷ್ಟೊಂದು ಅಂಗಿ?" ಎಂದು ಡೆಲಿಯಾ ಕೇಳಿದಳಂತೆ.

"ಸರ್ಕಾರಕ್ಕೆ. ಜೈಲಿಗೆ ಹೋಗತ್ತೆ ಅಂತ ಮೇಸ್ತ್ರಿ ಹೇಳ್ದ" ಎಂದಳು ಯೂನಾ. "ಹೊಲಿ, ಹೊಲಿ. ನಿನ್ನ ಮಗ ಹಾಕ್ಕೊಳ್ಳಲ್ಲ ಅಂತ ಹಟ ಮಾಡ್ತಿರೋದು ಇದನ್ನೇ ಕಣೇ. ಕಾಲರ್ ಸೊಟ್ಟ ಮಾಡ್ಬಿಡು, ಅವನಿಗೆ ಇನ್ನೊಂದು ಕಾರಣ ಸಿಗತ್ತೆ."

ಇಡೀ ಸಾಲಿನ ಹೆಂಗಸರು ನಕ್ಕರು. ಡೆಲಿಯಾಳೂ ನಕ್ಕಳು. ಆದರೆ ಕಾಲರ್ ಸೊಟ್ಟ ಹೊಲಿಯುವುದು ಅವಳ ಕೈಗೆ ಬಾರದ ವಿದ್ಯೆ.

ಎಂಬತ್ತೊಂದನೆಯ ಇಸವಿಯಲ್ಲಿ ಜೈಲಿನೊಳಗೆ ನಿರಶನ ಆರಂಭವಾಯಿತು. ಸ್ವಂತ ಬಟ್ಟೆ ತೊಡಲು ಬಿಡಿ, ಜೈಲಿನ ಕೆಲಸಕ್ಕೆ ಹಚ್ಚಬೇಡಿ, ಒಬ್ಬರೊಡನೊಬ್ಬರು ಕೂಡಿ ಮಾತಾಡಲು ಬಿಡಿ, ಇಂಥವು ಅವರ ಬೇಡಿಕೆಗಳು. ಲಂಡನ್ನಿನವರು ಕಿವಿಗೊಡಲಿಲ್ಲ. ಒಬ್ಬನಾದ ಮೇಲೆ ಒಬ್ಬನಂತೆ ಹುಡುಗರು ಅನ್ನ ಬಿಟ್ಟರು. ಒಬ್ಬನ ಹಿಂದೆ ಒಬ್ಬನಂತೆ ಪ್ರಾಣವನ್ನೂ ಬಿಟ್ಟರು. ಪ್ರತಿಯೊಂದು ಸಾವಿಗೂ ನಮ್ಮ ಹೆಂಗಸರು ಬೀದಿಗಿಳಿದು, ಮಂಡಿಯೂರಿ, ಕಸದ ಡಬ್ಬಿಯ ತಗಡಿನ ಮುಚ್ಚಳಗಳನ್ನು ಕಲ್ಲುಹಾಸಿಗೆ ಬಡಿಯುತ್ತಿದ್ದರು. ಆ ಸದ್ದು ದಿಬ್ಬದಿಂದ ದಿಬ್ಬಕ್ಕೆ ಹಾರಿ ಊರನ್ನು ಎಬ್ಬಿಸುತ್ತಿತ್ತು.

ಬೇಸಿಗೆಯ ನಡುವೆ ಒಂದು ದಿನ ಫರ್ಗಲ್ ಭೇಟಿಗೆ ಬರಹೇಳಿದನು. ತಾಯಿಯನ್ನು ಕಾಣುವುದಕ್ಕಾಗಿ ಆ ಒಂದು ಗಳಿಗೆ ಪಟ್ಟೆಯಂಗಿ ತೊಟ್ಟು ಮೇಜಿನ ಆಚೆಗೆ ಕುಳಿತಿದ್ದನು.

"ಬಂದ್ಯಾ ಅಮ್ಮ."

"ನೀನು ಕರೆದ್ರೆ ಬರ್ದೆ ಇರ್ತೀನಾ? ಸ್ವಲ್ಪ ತಿರುಗು ನೋಡೋಣ. ಕಾಲರ್ ಚೆನ್ನಾಗೇ ಕೂತಿದೆ."

"ಜೈಲಿನ ಅಂಗಿ ಕಣಮ್ಮ. ಮದುವೆಗೆ ಹೊಲಿಸಿದ್ದಲ್ಲ."

"ಗೊತ್ತು. ನಮ್ಮ ಕಾರ್ಖಾನೇದೇ ಅದು. ನಾನೇ ಹೊಲಿದಿದ್ದೇನೋ ಯಾರಿಗ್ಗೊತ್ತು."

ಫರ್ಗಲ್ ನಕ್ಕನು. ಬಾಲ್ಯದಲ್ಲಿ ನಕ್ಕಂತೆಯೇ, ಕಣ್ಣು ಮುಚ್ಚಿ. ಆಮೇಲೆ ನಗು ನಿಲ್ಲಿಸಿ ಹೇಳಿದನು:

"ಅಮ್ಮ, ಮುಂದಿನ ಸರದಿ ನನ್ನದು. ಸೋಮವಾರದಿಂದ ಊಟ ಬಿಡ್ತೀನಿ."

ಅವಳು ಅವನ ಅಂಗಿಯ ಕಾಲರನ್ನೇ ನೋಡಿದಳು.

"ಕೊನೆಕೊನೆಗೆ ಪ್ರಜ್ಞೆ ಹೋಗತ್ತೆ. ಆಗ ಡಾಕ್ಟ್ರು ನಿನ್ನನ್ನ ಕೇಳ್ತಾರೆ, ಸೂಜೀಲಿ ಆಹಾರ ಕೊಡೋಣವಾ ಬೇಡ್ವಾ ಅಂತ. ಅಲ್ಲಿವರೆಗೂ ನನ್ನ ಬಾಯಿ ನನ್ನದು. ಅಲ್ಲಿಂದಾಚೆ ನಿನ್ನ ಕೈಲಿ. ಮುಚ್ಚೇ ಇಡ್ತೀನಿ ಅಂತ ಮಾತು ಕೊಡು."

"ಬೇರೆ ಏನಾದ್ರೂ ಕೇಳೋ."

"ಬೇರೆ ಏನೂ ಬೇಡ ನಂಗೆ."

ಅವಳು ತಲೆಯಾಡಿಸಿದಳು. ಹೌದೆಂಬಂತೆ ಆಡಿಸಿದಳು. ಹೊರಗೆ ಕಾಯುತ್ತಿದ್ದ ಯೂನಾಳಿಗೆ, "ಮಾತು ಕೊಟ್ಬಿಟ್ಟೆ ಕಣೇ" ಎಂದಷ್ಟೇ ಹೇಳಿ, ಡೆರಿ ಮುಟ್ಟುವವರೆಗೂ ಬಸ್ಸಿನ ಕಿಟಕಿಯಾಚೆ ನೋಡುತ್ತ ಕುಳಿತಳು.

ಅಂದಿನಿಂದ ಅವಳ ಊಟವೂ ಕ್ಷೀಣಿಸಿತು. ಅವಳು ವ್ರತ ಹಿಡಿದದ್ದಲ್ಲ. ತುತ್ತು ಇಳಿಯುತ್ತಿರಲಿಲ್ಲ, ಅಷ್ಟೆ. ತಪಸ್ಸುಕಾಲದ ಉಪವಾಸಗಳನ್ನು ಬಾಲ್ಯದಿಂದ ಪಾಲಿಸಿದವಳಿಗೆ ಹಸಿವು ಹೊಸದಲ್ಲ. ಆ ಉಪವಾಸಕ್ಕೆ ಪುನರುತ್ಥಾನದ ಬೆಳಗು ಎದುರಿಗಿರುತ್ತದೆ. ಇದರ ಎದುರಿಗೆ ಏನಿತ್ತೆಂಬುದು ಅವಳನ್ನು ಕಾಡಿತು. ನಮ್ಮ ಗುರುಗಳಾದ ಫಾದರ್ ಕೀವನಿ ಒಂದು ಮಧ್ಯಾಹ್ನ ಅವಳ ಮನೆಗೆ ಹೋದಾಗ ಅವಳು ಪೆಟ್ಟಿಗೆಯ ಹಾಸುಬಟ್ಟೆಗಳನ್ನು ಇಸ್ತ್ರಿ ಮಾಡುತ್ತಿದ್ದಳು.

"ಫಾದರ್, ಇದು ಆತ್ಮಹತ್ಯೆನಾ, ಅಲ್ವಾ? ನಮ್ಮ ಬಿಷಪ್ಪರು ಒಂದು ಹೇಳ್ತಾರೆ, ಇಂಗ್ಲೆಂಡಿನವರು ಇನ್ನೊಂದು ಹೇಳ್ತಾರೆ."

"ಸಾಯ್ಬೇಕು ಅಂತ ಸಾಯೋದು ಬೇರೆ ಡೆಲಿಯಾ, ಜೊತೆಯವರಿಗೋಸ್ಕರ ಪ್ರಾಣ ಒಡ್ಡೋದು ಬೇರೆ. ಅವನ ಮನಸ್ಸಲ್ಲಿ ಏನಿದೆ ಅನ್ನೋದು ದೇವರಿಗೆ ಗೊತ್ತು."

"ದೇವರಿಗೆ ಎಲ್ಲಾ ಗೊತ್ತಿರತ್ತೆ ಫಾದರ್. ಆದ್ರೆ ಡಾಕ್ಟ್ರು ನನ್ನನ್ನೇ ಕೇಳ್ತಾರಲ್ಲ."

ಗುರುಗಳು ವಿದ್ವಾಂಸರು, ಸಾಂತ್ವನಕ್ಕೆಂದು ಹಳೆಯ ಸಂಗತಿಯೊಂದನ್ನು ತೆಗೆದರು. ಈ ನಾಡಿನಲ್ಲಿ ಅರಸರಿದ್ದ ಕಾಲದಲ್ಲಿ, ಬಲವುಳ್ಳವನಿಂದ ಅನ್ಯಾಯಕ್ಕೊಳಗಾದ ಬಡವನು ಅವನ ಹೊಸ್ತಿಲ ಮುಂದೆ ಉಪವಾಸ ಕೂರುತ್ತಿದ್ದನು. ಕೂತವನು ಸತ್ತರೆ ಮನೆಯೊಡೆಯನ ತಲೆಗೆ ಪಾಪ. ಆದಕಾರಣ ಒಡೆಯನು ಹೊರಬಂದು ನ್ಯಾಯ ಒಪ್ಪಿಸಲೇಬೇಕಾಗುತ್ತಿತ್ತು. ಡೆಲಿಯಾ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಕೇಳಿಸಿಕೊಂಡಳು.

"ಹೊಸ್ತಿಲಲ್ಲಿ ಅವನು ಕೂರ್ತಿದ್ದ. ಅವನ ಅಮ್ಮ ಎಲ್ಲಿ ಕೂರ್ತಿದ್ಲು ಫಾದರ್?"

ಗುರುಗಳು ಓದಿದ ಯಾವ ಗ್ರಂಥದಲ್ಲಿಯೂ ಆ ತಾಯಿಗೆ ಸ್ಥಳವಿರಲಿಲ್ಲ. ಅವರು ಚಹಾ ಕುಡಿದು, ಆಶೀರ್ವದಿಸಿ, ಹೊರಟುಹೋದರು.

ಆಗಸ್ಟ್ ಮುಗಿಯುವ ವೇಳೆಗೆ ಫರ್ಗಲ್‌ನ ದೃಷ್ಟಿ ಮಂಜಾಗಿ, ಅವನನ್ನು ಜೈಲಿನ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಡೆಲಿಯಾ ಹೋಗಿ ಬರುತ್ತಿದ್ದಳು. ಪತ್ರಿಕೆಗಳ ಫೋಟೋದವರು ಅವಳ ಮುಖಕ್ಕಾಗಿ ಬೀದಿಯಲ್ಲೇ ಬೀಡುಬಿಟ್ಟಿದ್ದರು. ಒಂದು ಬೆಳಿಗ್ಗೆ ಅವರಲ್ಲೊಬ್ಬನು ಕಿಟಕಿಯ ಗಾಜಿಗೆ ಕ್ಯಾಮೆರಾ ಒತ್ತಿದ್ದನ್ನು ಕಂಡು ಸಿಟ್ಟಿನಿಂದ ಎದ್ದವಳೇ ಪರದೆಯನ್ನು ಸರ್ರನೆ ಇಳಿಸಿಬಿಟ್ಟಳು. ಪರದೆಯ ಅರ್ಥವೇನೆಂದು ಬೀದಿಗೆಲ್ಲ ಕಲಿಸಿದವಳೇ ಆ ಗಳಿಗೆಯಲ್ಲಿ ಅದನ್ನು ಮರೆತಳು.

ಸ್ವಲ್ಪ ಹೊತ್ತಿಗೆ ತಗ್ಗಿನ ಕಡೆಯಿಂದ ಮುಚ್ಚಳಗಳ ಸದ್ದು ಎದ್ದಿತು. ಬೀದಿ ತಲೆಯೆತ್ತಿತು. ಡೆಲಿಯಾಳ ಕಿಟಕಿ ನೋಡಿತು. ಪರದೆ ಇಳಿದಿತ್ತು.

ಮೊದಲು ಹೊರಟವನು ಬಾರ್ನಿ ಲೋಗ್. ಎದುರುಮನೆಯವನು, ಹಡಗುಕಟ್ಟೆಯಲ್ಲಿ ಹಮಾಲನಾಗಿದ್ದು ಬೆನ್ನು ಬಾಗಿದವನು. ನಿರಶನದ ಪ್ರತಿಯೊಂದು ಮೆರವಣಿಗೆಯಲ್ಲೂ ಕಪ್ಪು ಬಾವುಟ ಹಿಡಿದು ಮುಂದೆ ನಡೆಯುತ್ತಿದ್ದವನು ಅವನೇ. ಹಿಂದೆ ನಾವೆಲ್ಲ. ಬಾಗಿಲು ತೆರೆದ ಡೆಲಿಯಾ ಕಂಡದ್ದು ಇಷ್ಟು: ಹೆಗಲ ಮೇಲೆ ಕುರ್ಚಿ, ಕೈಯಲ್ಲಿ ಟೋಪಿ, ಅವನ ಹಿಂದೆ ಬೀದಿಯುದ್ದಕ್ಕೂ ಕುರ್ಚಿಗಳು.

ಅವಳು ಕೇಳಲಿಲ್ಲ. ಹೇಳುವ ಪದ್ಧತಿಯಿಲ್ಲವೆಂದು ಅವಳಿಗಿಂತ ಬಲ್ಲವರಾರು? ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಕುರ್ಚಿಗಳು ಗೋಡೆಯುದ್ದಕ್ಕೂ ಕೂತವು. ಅವಳು ಮೇಲೆ ಹೋಗಿ ಪೆಟ್ಟಿಗೆ ತಂದಳು. ಮುಂಗೋಣೆಯ ಹಾಸಿಗೆಯ ಮೇಲೆ ಬಿಳಿಯ ಬಟ್ಟೆ ಕೊಡವಿ ಹರಡಿ, ಅಂಚು ಮಡಿಸಿ, ಸುಕ್ಕು ಸವರಿದಳು. ದಿಂಬಿಗೆ ಹೊದಿಕೆ ತೊಡಿಸಿದಳು. ತಲೆಯ ಕಡೆಗೆ ಹಿತ್ತಾಳೆಯ ಕಂಬಗಳನ್ನು ಇಟ್ಟಳು. ಗಡಿಯಾರ ನಿಲ್ಲಿಸಿದಳು.

ಆಗ ಮೂಲೆಯಂಗಡಿಯ ಫೋನಿನಿಂದ ದಿನದ ಸುದ್ದಿ ಕೇಳಿಕೊಂಡು ಯೂನಾ ಬಂದಳು. ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಏನ್ರೋ ಇದು? ಯಾರು ಸತ್ತಿದ್ದು?"

ಬಾರ್ನಿ ಕೈಯಲ್ಲಿದ್ದ ಟೋಪಿಯನ್ನು ಹಿಸುಕಿದನು.

"ನಿನ್ನನ್ನೇ ಕೇಳ್ತಿರೋದು ಬಾರ್ನಿ. ಟೋಪಿ ಹಿಸುಕಿದ್ದು ಸಾಕು, ಬಾಯಿ ಬಿಡು."

"ಅದೇ... ಫರ್ಗಲ್..."

"ಫರ್ಗಲ್‌ಗೆ ಏನಾಯ್ತು? ಈಗ ತಾನೇ ಆಸ್ಪತ್ರೆಗೆ ಫೋನ್ ಮಾಡಿ ಬರ್ತಿದ್ದೀನಿ. ಪ್ರಜ್ಞೆ ಹೋಗಿದೆ. ಉಸಿರಿದೆ ಕಣೋ, ಉಸಿರಿದೆ!"

"ಮುಚ್ಚಳ ಬಡಿದ್ರಲ್ಲ!"

"ಸೈನ್ಯದ ಜೀಪು ಬಂತು ಅಂತ ಬಡಿದ್ರು. ಮೊದಲೆಲ್ಲ ಅದಕ್ಕೇ ತಾನೇ ಬಡೀತಿದ್ದಿದ್ದು? ಅದನ್ನೂ ಮರೆತ್ರಾ, ದಡ್ಡರಾ?"

"ಪರದೆ ಇಳಿದಿತ್ತು..."

ನಾವೆಲ್ಲ ಡೆಲಿಯಾಳ ಕಡೆ ತಿರುಗಿದೆವು. ಅವಳು ತಾನೇ ಹಾಸಿದ ಹಾಸಿಗೆಯ ಅಂಚಿನ ಮೇಲೆ ಕುಸಿದಳು. ಬಾಯಿಗೆ ಕೈ ಅಡ್ಡ ಹಿಡಿದಳು. ಅಳುತ್ತಿದ್ದಾಳೆಂದುಕೊಂಡೆವು, ನಗುತ್ತಿದ್ದಳು. ಬಹಳ ಹೊತ್ತು ನಕ್ಕಳು. ಆ ನಗೆಯನ್ನು ಕೇಳುವುದಕ್ಕಿಂತ ಅಳುವನ್ನೇ ಕೇಳಬಹುದಾಗಿತ್ತು.

ಬಾರ್ನಿ ತಲೆತಗ್ಗಿಸಿ ತನ್ನ ಕುರ್ಚಿಗೆ ಕೈಹಾಕಿದನು. "ತಪ್ಪಾಯ್ತು ಡೆಲಿಯಾ. ತಗೊಂಡು ಹೋಗ್ತೀವಿ."

"ಇಡು ಅಲ್ಲಿ" ಎಂದಳು ಅವಳು, ಕಣ್ಣೊರೆಸಿಕೊಂಡು. "ಬಂದ ಕುರ್ಚಿ ಹಾಗೇ ಹೋಗೋ ಹಾಗಿಲ್ಲ. ನನ್ನ ಮನೆಯಿಂದ ಹೋಗಿ ಇನ್ಯಾರ ಮನೆ ಬಾಗಿಲು ತಟ್ಟಬೇಕು ಅದು? ಕೂತ್ಕೊಳ್ಳಿ ಎಲ್ಲ. ಯೂನಾ, ಚಹಾಕ್ಕೆ ನೀರಿಡು."

ಹೀಗೆ ಬದುಕಿದ್ದವನೊಬ್ಬನ ಜಾಗರಣೆಗೆ ನಾವು ಕುಳಿತೆವು. ನಾಚಿಕೆಯಿಂದ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಚಹಾ ಬಂತು, ಬೆಣ್ಣೆ ಸವರಿದ ರೊಟ್ಟಿ ಬಂತು. ಕುಳಿತ ಮೇಲೆ ಸುಮ್ಮನಿರುವುದು ಹೇಗೆಂದು ಡೆಲಿಯಾಳೇ ಜಪಸರ ತೆಗೆದು, ಶಿಲುಬೆಯ ಯಾತನೆಯನ್ನು ನೆನೆಯುವ ದುಃಖದ ರಹಸ್ಯಗಳ ಪ್ರಾರ್ಥನೆಯನ್ನು ಆರಂಭಿಸಿದಳು. ಎಲ್ಲರೂ ಓಗೊಟ್ಟರು. ಬಾರ್ನಿ ಮಾತ್ರ ಕೂರದೆ, ಗೋಡೆಗೊರಗಿ ತನ್ನ ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು ನಿಂತೇ ಪ್ರಾರ್ಥಿಸುತ್ತಿದ್ದನು. ಕಡೆಯ ರಹಸ್ಯಕ್ಕೆ, ಮಗನ ಶಿಲುಬೆಯ ಬುಡದಲ್ಲಿ ಮಾತೆ ನಿಂತ ಘಟ್ಟಕ್ಕೆ ಬಂದಾಗ, ಡೆಲಿಯಾಳ ಧ್ವನಿ ನಿಂತಿತು. ಮಣಿಯನ್ನು ಬೆರಳಲ್ಲೇ ಹಿಡಿದು ಅವಳೆಂದಳು:

"ನಾನು ಹಾಸಿಗೆ ಹಾಸ್ದೆ, ನೋಡಿದ್ರಲ್ಲ ಎಲ್ಲರೂ? ಅಂಚು ಮಡಿಸ್ದೆ. ಸುಕ್ಕು ತೆಗೆದೆ. ನಿಮ್ಮೆಲ್ಲರ ಮನೇಲೂ ಮಾಡಿದ ಹಾಗೇ ಮಾಡ್ದೆ. ಕೈ ಒಂಚೂರೂ ನಡುಗ್ಲಿಲ್ಲ. ನನ್ನ ಮಗನಿಗೆ ಅಂತ ಹಾಸ್ತಿದ್ದೀನಿ, ಕೈ ನಡುಗ್ತಾ ಇಲ್ಲ! ಇಷ್ಟು ದಿನ ನಾನು ಅವನ ಸಾವಿಗೆ ತಯಾರಿ ಮಾಡ್ಕೊಂಡಿದ್ದೀನಿ ಅಂತ ಆಗ ಗೊತ್ತಾಯ್ತು. ಬದುಕೋದಕ್ಕೆ ಏನೂ ಮಾಡಿಲ್ಲ." ಜಪಸರವನ್ನು ಮಡಿಲಿಗೆ ಇಳಿಸಿದಳು. "ಅವನ ಜಾಗರಣೆ ಒಂದು ಸಲ ಆಯ್ತು. ಎರಡನೇ ಸಲ ನನ್ನ ಕೈಲಾಗಲ್ಲ. ಈಗಲೇ ಹೋಗಿ ಡಾಕ್ಟ್ರಿಗೆ ಹೇಳ್ತೀನಿ."

ಬಾರ್ನಿಯ ಕೈ ಕುರ್ಚಿಯ ಬೆನ್ನನ್ನು ಬಿಟ್ಟಿತು.

"ನೀನು ಮಾತು ಕೊಟ್ಟಿದ್ದೀಯ ಡೆಲಿಯಾ."

"ಕೊಟ್ಟಿದ್ದೆ."

"ಬೇರೆ ಅಮ್ಮಂದಿರೂ ಇದ್ರು. ಅವರ ಮಕ್ಕಳೂ ಹೀಗೇ ಮಲಗಿದ್ರು. ಅವರಿಗೇನು ಪ್ರೀತಿ ಕಡಿಮೆ ಇತ್ತಾ?"

"ಇಲ್ಲ ಬಾರ್ನಿ. ನನಗಿಂತ ಹೆಚ್ಚೇ ಇತ್ತೇನೋ. ಅವರು ಎದುರಿಗೆ ಬಂದ್ರೆ ನಾನು ತಲೆ ಎತ್ತಿ ನೋಡಲ್ಲ. ಆದ್ರೂ ಹೇಳ್ತೀನಿ."

"ಹಾಗಾದ್ರೆ ಆ ಸತ್ತ ಹುಡುಗರಿಗೆ ಏನು ಹೇಳೋಣ?"

ಬಾರ್ನಿ ಟೋಪಿಯನ್ನು ತಲೆಗೇರಿಸಿ ಹೊರನಡೆದನು. ಉಳಿದವರು ಚಹಾ ಮುಗಿಸಿ, ತಾವು ಕೂತಿದ್ದ ಕುರ್ಚಿಗಳನ್ನು ಹೊತ್ತು ಒಬ್ಬೊಬ್ಬರಾಗಿ ಹೊರಟರು. ಯಾರೂ ಕೂರದ ಒಂದು ಕುರ್ಚಿ ಗೋಡೆಯ ಬಳಿ ಉಳಿಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಸೌಮ್ಯವಾಗಿಯೇ ಕೇಳಿದರಂತೆ: "ಮಿಸೆಸ್ ಹರ್ಕಿನ್, ಯೋಚನೆ ಮಾಡಿ ಹೇಳ್ತಿದ್ದೀರಾ?" "ಯೋಚನೆ ಮಾಡಿದ್ರೆ ಹೇಳ್ತಿರ್ಲಿಲ್ಲ. ಕೊಡಿ" ಎಂದಳಂತೆ ಅವಳು. ಸೂಜಿ ಚುಚ್ಚುವ ಮುನ್ನ ಮಗನ ಕಿವಿಯ ಬಳಿ ಬಾಗಿ, ಕೇಳಿಸದವನಿಗೆ ಹೇಳಿದ್ದನ್ನು ಜೊತೆಗಿದ್ದ ಯೂನಾ ಕೇಳಿಸಿಕೊಂಡಳು: "ಮಾತು ತಪ್ಪಿದವಳು ನಾನು. ನೀನಲ್ಲ. ಅಷ್ಟು ನೆನಪಿಟ್ಕೋ."

ಫರ್ಗಲ್ ಬದುಕಿದನು. ಕಣ್ಣುಗಳು ಪೂರ್ತಿ ಮರಳಲಿಲ್ಲ. ಮುಖಗಳ ಬದಲು ನೆರಳುಗಳು ಕಾಣುತ್ತಿದ್ದವು. ಎಚ್ಚರವಾದಾಗ ತಾಯಿಯ ಧ್ವನಿ ಕೇಳಿ ಮುಖವನ್ನು ಗೋಡೆಯ ಕಡೆ ಹೊರಳಿಸಿದನು. ಆಮೇಲಿನ ಭೇಟಿಗಳಲ್ಲಿ, "ಹೊರಗೆ ಮಳೆಯಾ?" ಎಂದು ಕೇಳುವನು. "ಹೌದು" ಅಥವಾ "ಇಲ್ಲ" ಎನ್ನುವಳು. ಭೇಟಿ ಮುಗಿಯುವುದು. ಬೇರೆ ಮನೆಯವರೂ ಹಾಗೆಯೇ ವೈದ್ಯರಿಗೆ ಹೇಳತೊಡಗಿದ್ದರು; ಚಳಿಗಾಲ ಕಾಲಿಡುವಷ್ಟರಲ್ಲಿ ನಿರಶನ ನಿಂತಿತು. ಸ್ವಂತ ಬಟ್ಟೆ ತೊಡುವ ಹಕ್ಕು ಸಿಕ್ಕಿತು. ಡೆಲಿಯಾ ಹತ್ತಿಯ ನೀಲಿ ಬಟ್ಟೆ ತಂದು, ಬಹಳ ವರ್ಷಗಳ ಮೇಲೆ ಇಡಿಯ ಒಂದು ಅಂಗಿಯನ್ನು ತಾನೇ ಹೊಲಿದು ಕೊಟ್ಟುಬಂದಳು. ಅದನ್ನು ಪಕ್ಕದ ಕೋಣೆಯ ಹುಡುಗ ತೊಟ್ಟಿದ್ದನೆಂದು ಆಮೇಲೆ ತಿಳಿಯಿತು.

ಬೀದಿ ಅವಳನ್ನು ದೂರಲಿಲ್ಲ, ಹೊಗಳಲೂ ಇಲ್ಲ. ಪೆಟ್ಟಿಗೆಯೊಡನೆ ಹೋದಾಗ ಎಲ್ಲ ಬಾಗಿಲುಗಳೂ ತೆರೆದವು. ಒಂದು ಮಾತ್ರ ಸ್ವಲ್ಪ ತಡವಾಗಿ. ಬಾರ್ನಿ ಅವಳೊಡನೆ ಮಾತು ಬಿಟ್ಟನು. ಆದರೂ ಶನಿವಾರ ತಪ್ಪದೆ ಕಲ್ಲಿದ್ದಲಿನ ಚೀಲವನ್ನು ಅವಳ ಬಾಗಿಲಿಗೆ ತಂದಿಳಿಸಿ, ಕೋಲಿನಿಂದ ಒಮ್ಮೆ ತಟ್ಟಿ, ಅವಳು ಹೊರಬರುವ ಮೊದಲೇ ಬೆನ್ನು ತಿರುಗಿಸಿರುತ್ತಿದ್ದನು. ಕುರ್ಚಿಯನ್ನು ಕೇಳಲಿಲ್ಲ. ಅವಳು ಅದನ್ನು ಅಡುಗೆಮನೆಯ ಮೇಜಿನ ಬಳಿ ಇಟ್ಟು, ತನ್ನ ಕುರ್ಚಿಯೊಡನೆ ಅದನ್ನೂ ಒರೆಸಿಡುತ್ತಿದ್ದಳು.

"ಬೆಕ್ಕನ್ನಾದ್ರೂ ಒಂದು ಗಳಿಗೆ ಕೂರ್ಸಿ ಕಳ್ಸಬಾರ್ದೇನೇ? ಕಥೆ ಮುಗಿಯತ್ತೆ" ಎನ್ನುವಳು ಯೂನಾ.

"ಬೆಕ್ಕು ಯಾವ ಜಾಗರಣೆಗೆ ಲೆಕ್ಕ?"

"ಹಾಗಾದ್ರೆ ನೀನೇ ಕೂತ್ಕೋ ಮಾರಾಯ್ತಿ!"

"ನಾನು ಕೂತ್ರೆ ನನ್ನ ಪರವಾಗಿ ನಾನೇ ತೀರ್ಪು ಕೊಟ್ಕೊಂಡ ಹಾಗಾಗತ್ತೆ."

"ನಿನಗೂ ಅವನಿಗೂ ತಲೆ ಒಂದೇ ಅಳತೇದು" ಎಂದು ಯೂನಾ ಗೊಣಗುವಳು. ಅವನು ಎಂದರೆ ಬಾರ್ನಿಯೋ ಫರ್ಗಲ್ಲೋ ಎಂದು ಡೆಲಿಯಾ ಕೇಳುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ, ವಸಂತದ ಒಂದು ಮಧ್ಯಾಹ್ನ, ಫರ್ಗಲ್ ಬಿಡುಗಡೆಯಾಗಿ ಬಂದನು. ಬೀದಿಯವರು ಕೈಕುಲುಕಿ, ಬೆನ್ನು ತಟ್ಟಿ, ಅವನ ಬಾಗಿಲವರೆಗೂ ಬಂದು ಬಿಟ್ಟರು. ಒಳಗೆ ತಾಯಿ ಮಗ ಇಬ್ಬರೇ. ಅಂದು ನಡೆದದ್ದನ್ನು ಡೆಲಿಯಾ ಯೂನಾಳಿಗೆ ಹೇಳಿದಳು. ಯೂನಾಳಿಗೆ ಹೇಳಿದ್ದು ಬೀದಿಗೆ ಹೇಳಿದಂತೆಯೇ.

ಅವನು ಅಡುಗೆಮನೆಯಲ್ಲಿ ಕೈಚೀಲ ಇಳಿಸಿ, ಗೋಡೆ, ಒಲೆ, ಮೇಜು ಎಲ್ಲವನ್ನೂ ಕೈಯಿಂದ ಸವರುತ್ತ ಬಂದನಂತೆ. ಒಂದು ಕುರ್ಚಿಯ ಬೆನ್ನಿಗೆ ಕೈ ತಗುಲಿ ನಿಂತನು. ಅದರ ಕೆತ್ತನೆ ಅವರ ಮನೆಯ ಕುರ್ಚಿಗಳದಲ್ಲ. ಬಾಗಿ ಅಡಿಯಲ್ಲಿ ತಡಕಿ ದಾರ ಹುಡುಕಿ, ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಿದನು.

"ಹಸಿರು. ಇದು ಬಾರ್ನಿದು."

"ಹೌದು."

"ಇಲ್ಯಾಕಿದೆ? ಯಾವ ಸಾವಿಗೆ ಬಂದಿದ್ದು?"

"ನಿನ್ನದಕ್ಕೆ" ಎಂದಳು ಡೆಲಿಯಾ.

ಅವನು ನೆಟ್ಟಗೆ ನಿಂತನು. ಅವಳು ಹೇಳಿದಳು: ಪರದೆ, ಮುಚ್ಚಳಗಳ ಸದ್ದು, ಕುರ್ಚಿಗಳ ಮೆರವಣಿಗೆ, ತಾನು ಹಾಸಿದ ಹಾಸಿಗೆ, ನಡುಗದ ಕೈ. ಜೈಲಿನ ಮೇಜಿನಾಚೆ ಇಷ್ಟು ವರ್ಷವೂ ಹೇಳಲಾಗದಿದ್ದುದನ್ನೆಲ್ಲ ಒಲೆಯ ಕಡೆ ಮುಖ ಮಾಡಿಕೊಂಡು ಹೇಳಿದಳು. ಕ್ಷಮಿಸೆಂದು ಕೇಳಲಿಲ್ಲ.

"ಬಾರ್ನಿ ಬಂದು ತಗೊಂಡು ಹೋಗ್ಲಿಲ್ವಾ?"

"ಇದರ ಮೇಲೆ ಯಾರೂ ಕೂತಿಲ್ಲ."

"ಇಷ್ಟು ವರ್ಷ?"

"ಇಷ್ಟು ವರ್ಷ."

ಅವನು ಕುರ್ಚಿಯ ಬೆನ್ನನ್ನು ಮತ್ತೊಮ್ಮೆ ಸವರಿದನಂತೆ. ಬಳಿಕ ಕಲ್ಲುನೆಲದ ಮೇಲೆ ಕುರ್ಚಿ ಎಳೆದ ಸದ್ದಾಯಿತು. ಅವಳು ತಿರುಗಿ ನೋಡಿದಳು. ಅವನು ಬಾರ್ನಿಯ ಕುರ್ಚಿಯ ಮೇಲೆ ಕುಳಿತು, ಎರಡೂ ಮೊಣಕೈಗಳನ್ನು ಮೇಜಿನ ಮೇಲೆ ಊರಿದ್ದನು, ಶಾಲೆಯಿಂದ ಬಂದು ಕೂರುತ್ತಿದ್ದ ರೀತಿಯಲ್ಲಿ.

"ತಿನ್ನೋಕೆ ಏನಿದೆ ಅಮ್ಮ?"

"ಮೊಟ್ಟೆ ಇದೆ. ಸೋಡಾ ರೊಟ್ಟಿ ಇದೆ. ಯಾವುದು ಕೊಡ್ಲಿ?"

"ಎರಡೂ ಕೊಡು."

ಆಗ ಅವಳ ಕೈ ನಡುಗಿತು. ಮೊಟ್ಟೆಯೊಂದು ಬಾಣಲೆಯ ಅಂಚಿಗೆ ತಾಗಿ ನೆಲಕ್ಕೆ ಬಿತ್ತು. "ಏನದು ಸದ್ದು?" ಎಂದು ಅವನು ಕೇಳಿದ್ದಕ್ಕೆ "ಏನಿಲ್ಲ, ಕೂತಿರು" ಎಂದು ಇನ್ನೊಂದನ್ನು ಒಡೆದಳು.

ಉಂಡೆದ್ದು ಅವನು ಕುರ್ಚಿಯನ್ನು ಹೆಗಲಿಗೇರಿಸಿದನು. "ನಾನೂ ಬರ್ತೀನಿ, ಕಣ್ಣು ಕಾಣಲ್ಲ ನಿಂಗೆ" ಎಂದಳು. "ಬೀದಿ ದಾಟೋಕೆ ಎಷ್ಟು ಕಣ್ಣು ಬೇಕು?" ಎಂದು ಅವನು ಹೊರಟನು. ನಾವೆಲ್ಲ ಬಾಗಿಲುಗಳಲ್ಲಿ ನಿಂತು ನೋಡಿದೆವು. ಅವನು ಕಾಲಿನಿಂದ ಕಟ್ಟೆಯಂಚನ್ನು ತಡಕಿ ಇಳಿದು, ಬೀದಿ ದಾಟಿ, ಬಾರ್ನಿಯ ಬಾಗಿಲು ತಟ್ಟಿದನು.

ಮುದುಕ ಬಾಗಿಲು ತೆರೆದನು. ಹೆಗಲ ಮೇಲಿನ ಕುರ್ಚಿ ಕಂಡೊಡನೆ, ಎಷ್ಟೋ ವರ್ಷಗಳ ರೂಢಿಯಿಂದ, ಅವನ ಕೈ ತಾನಾಗಿ ಟೋಪಿಗೆ ಹೋಗಿ ಅದನ್ನು ತೆಗೆಯಿತು.

"ನಿನ್ನ ಕುರ್ಚಿ ಬಾರ್ನಿ."

"ಯಾರಾದ್ರೂ ಕೂತ್ರಾ ಇದರ ಮೇಲೆ?"

"ಕೂತ್ರು."

"ಯಾರು?"

"ಯಾರ ಜಾಗರಣೆಗೆ ತಂದಿದ್ಯೋ ಅವನೇ. ಕೂತು ಊಟಾನೂ ಮಾಡ್ದ."

ಬಾರ್ನಿ ಅವನನ್ನು ದಿಟ್ಟಿಸಿ ನೋಡಿದನು. ಮತ್ತೆ ಕೈಯಲ್ಲಿದ್ದ ಟೋಪಿಯನ್ನು ನೋಡಿದನು. ನಿಧಾನವಾಗಿ ಅದನ್ನು ತಲೆಗೆ ಹಾಕಿಕೊಂಡು ಬಾಗಿಲಿನಿಂದ ಪಕ್ಕಕ್ಕೆ ಸರಿದನು.

"ಒಳಗೆ ಬಾ. ಹೊಸ್ತಿಲು ಎತ್ತರ ಇದೆ, ನೋಡ್ಕೊಂಡು" ಎಂದನು.

ಎದುರಿಗೆ ಡೆಲಿಯಾ ಬಾಗಿಲು ಮುಚ್ಚಿ ಅಡುಗೆಮನೆಗೆ ಮರಳಿದಳು. ನೆಲದ ಮೇಲೆ ಒಡೆದ ಮೊಟ್ಟೆ ಹಾಗೆಯೇ ಇತ್ತು. ಮೇಜಿನ ಮೇಲಿದ್ದ ತಟ್ಟೆಯಲ್ಲಿ ರೊಟ್ಟಿಯ ಒಂದು ತುಣುಕೂ ಉಳಿದಿರಲಿಲ್ಲ.